ಹೊಸ ಲ್ಯಾಪ್‌ಟಾಪಿಗೆ ಹಳೆ ವಿಂಡೋಸ್: ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ

ಬಾಗಲಕೋಟೆಯಲ್ಲಿ ಹೋಳಿಯ ಹಲಗೆ ಸದ್ದು ನಿಂತಿತೆಂದರೆ ಲಗ್ನಪತ್ರಿಕೆಯ ಸೀಸನ್ ಶುರು. ನಮ್ಮ ಕಾಕಾನ ಪ್ರಿಂಟಿಂಗ್ ಪ್ರೆಸ್ಸಿನ ಹಳೆ ಕಂಪ್ಯೂಟರ್ ಸರಿಯಾಗಿ ಅದೇ ಹೊತ್ತಿಗೆ ಕೈ ಕೊಟ್ಟಿತು. ಬಟನ್ ಒತ್ತಿದರೆ ಫ್ಯಾನ್ ಕೂಡ ತಿರುಗದು. ಅವರ ಮಗ ಹುಬ್ಬಳ್ಳಿಗೆ ಹೋಗಿ ಹೊಸ ಲ್ಯಾಪ್‌ಟಾಪ್ ತಂದ. ಒಳಗೆ ವಿಂಡೋಸ್ 11. ಕಾಕಾ ಎರಡು ದಿನ ಅದರ ಮುಂದೆ ಕೂತು ನೋಡಿದರು. ಮೂರನೆಯ ದಿನ ಚೀಲಕ್ಕೆ ಹಾಕಿಕೊಂಡು ನವನಗರದ ನಮ್ಮ ಮನೆಗೇ ಬಂದುಬಿಟ್ಟರು.

"ತಮ್ಮಾ, ಇದ್ರಾಗಿಂದ ಎಲ್ಲಾ ತಗದು ಸೆವೆನ್ ಹಾಕಿ ಕೊಡು. ಒಂದು ತಾಸಿನ ಕೆಲಸ ಅಲ್ಲೇನು?"

ಹತ್ತು ಹನ್ನೆರಡು ವರ್ಷದ ಹಿಂದೆ ಆಗಿದ್ದರೆ ಒಂದು ತಾಸೇ. ಆಗ ಯಾವ ಲ್ಯಾಪ್‌ಟಾಪ್ ತಂದರೂ ಡಿವಿಡಿ ಹಾಕಿ ಫಾರ್ಮ್ಯಾಟ್ ಹೊಡೆದು ಬೇಕಾದ ವಿಂಡೋಸ್ ಕೂರಿಸುತ್ತಿದ್ದೆವು. ಈಗ ಯಾಕೆ ಆಗುವುದಿಲ್ಲ? ಕಾಕಾಗೆ ಚಹಾ ಕುಡಿಯುತ್ತ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಅವರೊಬ್ಬರದೇ ಅಲ್ಲವಲ್ಲ. ವಿಂಡೋಸ್ 11 ಬೇಡ, ಹಳೆಯದೇ ಚಲೋ ಇತ್ತು ಅನ್ನುವವರು ವಾರಕ್ಕೆ ಒಬ್ಬರಾದರೂ ಸಿಗುತ್ತಾರೆ.

ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ನಮ್ಮ ಮನೆ ಮುಳುಗಡೆಯಾದಾಗ ಅಜ್ಜ ತೇಗದ ಬಾಗಿಲನ್ನು ಕಿತ್ತು ನವನಗರಕ್ಕೆ ತಂದಿದ್ದರು. ಹೊಸ ಮನೆಯ ಚೌಕಟ್ಟಿಗೆ ಅದು ಕೂರಲಿಲ್ಲ. ಎತ್ತರ ಜಾಸ್ತಿ, ಅಗಲ ಕಡಿಮೆ. ಬಡಿಗ ಎರಡು ದಿನ ಕೆತ್ತಿ, ಪಟ್ಟಿ ಹಚ್ಚಿ ಕೂರಿಸಿದ. ಹಳೆ ವಿಂಡೋಸ್ ಕೂಡ ಹಾಗೆಯೇ, ಬೇರೆ ಅಳತೆಯ ಮನೆಗೆ ಮಾಡಿದ ಬಾಗಿಲು. ಇಲ್ಲಿ ಪಟ್ಟಿ ಹಚ್ಚುವ ಬಡಿಗನ ಕೆಲಸ ಡ್ರೈವರ್‌ನದು.

ಡ್ರೈವರ್ ಅಂದರೆ ಒಂದು ಸಣ್ಣ ಪ್ರೋಗ್ರಾಂ. ವೈಫೈ ಕಾರ್ಡ್, ಟಚ್‌ಪ್ಯಾಡ್, ಸ್ಕ್ರೀನ್ ಓಡಿಸುವ ಚಿಪ್, ಒಂದೊಂದಕ್ಕೂ ಅದರದೇ ಭಾಷೆ ಇದೆ. ವಿಂಡೋಸ್ ಹೇಳಿದ್ದನ್ನು ಆ ಭಾಷೆಗೆ ತಿರುಗಿಸಿ ಹೇಳುವವನು ಬೇಕು. ಕೆಲವು ಡ್ರೈವರ್‌ಗಳು ವಿಂಡೋಸ್ ಜೊತೆಗೇ ಬರುತ್ತವೆ. ಉಳಿದವನ್ನು ಆ ಬಿಡಿಭಾಗ ಮಾಡಿದ ಕಂಪನಿ ಬರೆದುಕೊಡುತ್ತದೆ. ಹೊಸ ವಿಂಡೋಸಿಗೆ ಹಳೆ ಬಿಡಿಭಾಗಗಳ ಗುರುತು ಸಾಮಾನ್ಯವಾಗಿ ಇರುತ್ತದೆ. ಹಳೆ ವಿಂಡೋಸಿಗೆ ತನ್ನ ನಂತರ ಹುಟ್ಟಿದವುಗಳ ಗುರುತು ಎಲ್ಲಿಂದ ಬರಬೇಕು? ಯಾರಾದರೂ ಕೂತು ಬರೆಯಬೇಕು. ಮಾರಾಟ ನಿಂತ ವಿಂಡೋಸಿಗಾಗಿ ಯಾವ ಕಂಪನಿಯೂ ಕೂತು ಬರೆಯುವುದಿಲ್ಲ.

ವಿಂಡೋಸ್ 7 ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಕಾಕಾನ ಲ್ಯಾಪ್‌ಟಾಪಿನಲ್ಲಿ ಇರುವುದರಲ್ಲಿ ಹೆಚ್ಚಿನವು ಆಮೇಲೆ ಬಂದವು. ಅವರ ಸಮಾಧಾನಕ್ಕೆ ಅಂತ ಒಂದು ಸಲ ಪೆನ್‌ಡ್ರೈವ್ ಮಾಡಿ ಹಚ್ಚಿಯೂ ತೋರಿಸಿದೆ. ಮೊದಲ ಸುತ್ತಿನಲ್ಲಿ ಪೆನ್‌ಡ್ರೈವನ್ನು ಲ್ಯಾಪ್‌ಟಾಪ್ ಬೂಟ್‌ಗೇ ತೆಗೆದುಕೊಳ್ಳಲಿಲ್ಲ.

ಯಾಕೆಂದರೆ ಲ್ಯಾಪ್‌ಟಾಪ್ ಎದ್ದೇಳುವ ರೀತಿಯೇ ಬದಲಾಗಿದೆ. ಬಟನ್ ಒತ್ತಿದ ಕೂಡಲೇ ತಾನು ಎದ್ದು ವಿಂಡೋಸನ್ನು ಎಬ್ಬಿಸುವ ಪ್ರೋಗ್ರಾಂ ಒಂದಿರುತ್ತದೆ, ಮೊದಲು ಅದು ಬಯೋಸ್ ಅಂತ ಇತ್ತು. ಈಗಲೂ ಬಾಯಿಮಾತಿಗೆ ಬಯೋಸ್ ಅಂತಲೇ ಅಂದರೂ ಒಳಗಿರುವುದು ಯುಇಎಫ್‌ಐ. ಅದರಲ್ಲಿ ಸೆಕ್ಯೂರ್ ಬೂಟ್ ಅಂತ ಒಬ್ಬ ಕಾವಲುಗಾರ ಇದ್ದಾನೆ. ಸರಿಯಾದ ಸಹಿ ಇಲ್ಲದ ವ್ಯವಸ್ಥೆಯನ್ನು ಆತ ಒಳಗೆ ಬಿಡುವುದಿಲ್ಲ. ವಿಂಡೋಸ್ 7 ಬರುವಾಗ ಈ ಕಾವಲು ಇರಲಿಲ್ಲ, ಹಾಗಾಗಿ ಅದಕ್ಕೆ ಆ ಸಹಿಯೂ ಇಲ್ಲ. ಸರಿ, ಸೆಕ್ಯೂರ್ ಬೂಟ್ ಆಫ್ ಮಾಡಬಹುದು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ವಿಂಡೋಸ್ 7 ಪರದೆಯ ಮೇಲೆ ತನ್ನ ಮೊದಲ ಚಿತ್ರ ಮೂಡಿಸಲಿಕ್ಕೆ ಹಳೆ ಬಯೋಸ್ ಕಾಲದ ವಿಜಿಎ ಸೌಲಭ್ಯವನ್ನು ಹುಡುಕುತ್ತದೆ. ಅದನ್ನು ಒದಗಿಸಲು ಯುಇಎಫ್‌ಐ ಒಳಗೆ ಸಿಎಸ್‌ಎಂ ಅಂತ ಒಂದು ಹಳೆ ಬಾಗಿಲು ಬಿಟ್ಟಿರುತ್ತಿದ್ದರು. 2020ರ ಹೊತ್ತಿಗೆ ಅದನ್ನು ಮುಚ್ಚುತ್ತೇವೆ ಅಂತ ಪ್ರೊಸೆಸರ್ ಮಾಡುವ ಇಂಟೆಲ್ ಕಂಪನಿ 2017ರಲ್ಲೇ ಹೇಳಿತ್ತು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ ಬಾಗಿಲು ಇಲ್ಲ. ಆಗ ವಿಂಡೋಸ್ 7 ಶುರುವಾಗುವ ಪರದೆಯಲ್ಲೇ ಗಪ್ಪನೆ ನಿಂತುಬಿಡುತ್ತದೆ. ಎಷ್ಟು ಹೊತ್ತು ಕಾದರೂ ಅಷ್ಟೇ.

ಸ್ವಲ್ಪ ಹಳೆಯ, ಸಿಎಸ್‌ಎಂ ಇರುವ ಲ್ಯಾಪ್‌ಟಾಪ್ ಆದರೆ ಇದನ್ನು ದಾಟಬಹುದು. ಮುಂದಿನ ತಮಾಷೆ ನನಗೆ ಬಹಳ ಇಷ್ಟ. ಪೆನ್‌ಡ್ರೈವಿನಿಂದ ಸೆಟಪ್ ಶುರುವಾಗುತ್ತದೆ, ಭಾಷೆ ಕೇಳುತ್ತದೆ, ನಾವು ಮುಂದೆ ಅನ್ನುತ್ತೇವೆ. ಆಗ ಸಿಡಿ ಡ್ರೈವಿನ ಡ್ರೈವರ್ ಸಿಗುತ್ತಿಲ್ಲ ಅಂತ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವೇ ಇಲ್ಲ! ನಡೆದದ್ದು ಇಷ್ಟೆ: ಆರಂಭದಲ್ಲಿ ಪೆನ್‌ಡ್ರೈವ್ ಓದಿದ್ದು ಲ್ಯಾಪ್‌ಟಾಪಿನ ಬಯೋಸ್. ಆಮೇಲೆ ವಿಂಡೋಸ್ ತಾನೇ ಕೈಗೆ ತೆಗೆದುಕೊಂಡಿತು. ಅದಕ್ಕೆ ಯುಎಸ್‌ಬಿ 3 ಗೊತ್ತಿಲ್ಲ. ಅಂದರೆ ತಾನು ಯಾವ ಬಸ್ಸಿನಲ್ಲಿ ಬಂದೆನೋ ಅದೇ ಬಸ್ಸು ಅದಕ್ಕೆ ಕಾಣುತ್ತಿಲ್ಲ. ಮೊದಲೆಲ್ಲ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ 2ರ ಹಳೆ ನಿಯಂತ್ರಕವೂ ಇರುತ್ತಿತ್ತು, ಕೆಲಸ ನಡೆಯುತ್ತಿತ್ತು. 2015ರಲ್ಲಿ ಬಂದ ಇಂಟೆಲ್‌ನ ಆರನೇ ತಲೆಮಾರಿನ ಪ್ರೊಸೆಸರಿನಿಂದ ಅದನ್ನು ತೆಗೆದುಹಾಕಿದರು. ಮೌಸ್ ಹಚ್ಚಿದರೂ ಅಲುಗುವುದಿಲ್ಲ. ವಿಚಿತ್ರ ಅಂದರೆ ಲ್ಯಾಪ್‌ಟಾಪಿನ ಕೀಬೋರ್ಡ್ ಕೆಲವೊಮ್ಮೆ ಕೆಲಸ ಮಾಡುತ್ತದೆ. ಹಲವು ಲ್ಯಾಪ್‌ಟಾಪ್‌ಗಳ ಒಳಗೆ ಅದನ್ನು ಇವತ್ತಿಗೂ ಬಹಳ ಹಳೆಯ ಪಿಎಸ್/2 ಪದ್ಧತಿಯಲ್ಲೇ ಜೋಡಿಸಿರುತ್ತಾರೆ.

ಯುಎಸ್‌ಬಿ ಡ್ರೈವರನ್ನು ಸೆಟಪ್ ಒಳಗೇ ಸೇರಿಸಿದರೆ ಮುಂದಿನ ಗೋಡೆ ಡಿಸ್ಕ್. ಈಗಿನ ಎಸ್‌ಎಸ್‌ಡಿಗಳು ಎನ್‌ವಿಎಂಇ ಪದ್ಧತಿಯವು. ಆ ಪದ್ಧತಿ ರೂಪುಗೊಂಡದ್ದೇ 2011ರಲ್ಲಿ. ವಿಂಡೋಸ್ 8.1ರಿಂದ ಅದರ ಡ್ರೈವರ್ ಜೊತೆಗೇ ಬಂತು. 7ಕ್ಕೆ ಆಮೇಲೆ ಒಂದು ಪ್ಯಾಚ್ ಬಿಟ್ಟರು, ಅದನ್ನೂ ಕೈಯಾರೆ ಸೇರಿಸಬೇಕು. ಇಷ್ಟೆಲ್ಲ ಮಾಡಿ ವಿಂಡೋಸ್ ಎದ್ದು ಕೂತರೂ ಗ್ರಾಫಿಕ್ಸ್ ಇಲ್ಲ, ವೈಫೈ ಇಲ್ಲ, ಟಚ್‌ಪ್ಯಾಡ್ ಇಲ್ಲ. ಇಂಟೆಲ್‌ನ ವೈಫೈ 6 ಕಾರ್ಡುಗಳಿಗೆ ವಿಂಡೋಸ್ 10ಕ್ಕಿಂತ ಹಿಂದಿನ ಡ್ರೈವರೇ ಬರಲಿಲ್ಲ. ಇನ್ನು ಮೈಕ್ರೋಸಾಫ್ಟ್ 2016ರಲ್ಲೇ ಹೊಸ ಪ್ರೊಸೆಸರುಗಳಿಗೆ ಹೊಸ ವಿಂಡೋಸ್ ಮಾತ್ರ ಅಂತ ಘೋಷಿಸಿತು. 2017ರಿಂದ ಇಂಟೆಲ್ ಏಳನೇ ತಲೆಮಾರಿನ ಮೇಲೆ ವಿಂಡೋಸ್ 7 ಓಡಿಸಿದವರಿಗೆ ಅಪ್‌ಡೇಟ್ ಕೊಡುವುದನ್ನೂ ನಿಲ್ಲಿಸಿತು.

"ಹಂಗಾದ್ರ ಅಂಗಡಿಯಾಂವ ಹಾಕಿ ಕೊಡ್ತೀನಿ ಅಂದಿದ್ನಲ್ಲ?" ಅಂದರು ಕಾಕಾ.

ಹಾಕಿಯೂ ಕೊಟ್ಟಾನು. ಅಲ್ಲಿ ಇಲ್ಲಿ ಯಾರೋ ತಿದ್ದಿದ ಡ್ರೈವರುಗಳನ್ನು ಸೇರಿಸಿದ ವಿಂಡೋಸ್ 7 ಓಡಾಡುತ್ತಿವೆ. ಅದರ ಜೊತೆಗೇ ಆಕ್ಟಿವೇಟರ್ ಅಂತ, ದುಡ್ಡು ಕೊಡದ ವಿಂಡೋಸನ್ನು ಅಸಲಿ ಅನ್ನಿಸುವ ಒಂದು ಕ್ರ್ಯಾಕ್. ಅದನ್ನು ಓಡಿಸಬೇಕಾದರೆ ಆ್ಯಂಟಿವೈರಸ್ ಬಂದ್ ಮಾಡು ಅಂತ ಅದೇ ಹೇಳುತ್ತದೆ. ಮನೆಯ ನಾಯಿ ಕಟ್ಟಿಹಾಕಿ ಅಂತ ಬಾಗಿಲಲ್ಲಿ ನಿಂತು ಕೇಳುವ ಅಪರಿಚಿತನನ್ನು ಒಳಗೆ ಬಿಡುತ್ತೀರಾ? ಅದೇ ಲ್ಯಾಪ್‌ಟಾಪಿನಲ್ಲಿ ಕಾಕಾ ಬ್ಯಾಂಕ್ ನೋಡುತ್ತಾರೆ, ಜಿಎಸ್‌ಟಿ ತುಂಬುತ್ತಾರೆ.

ಕ್ರ್ಯಾಕ್ ಇಲ್ಲದ, ಅಸಲಿ ವಿಂಡೋಸ್ 7 ಆದರೂ ನೆಟ್‌ಗೆ ಹಚ್ಚುವುದು ಈಗ ಸರಿಯಲ್ಲ. ಅದರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ಕ್ರೋಮ್ ಅದರ ಮೇಲೆ 109ನೇ ಆವೃತ್ತಿಗೇ ನಿಂತಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಜಗತ್ತಿನ ತುಂಬ ಕಂಪ್ಯೂಟರುಗಳ ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದಕ್ಕೆ ಸಿಕ್ಕಿಬಿದ್ದವುಗಳಲ್ಲಿ ಹೆಚ್ಚಿನವು ವಿಂಡೋಸ್ 7. ಅದನ್ನು ತಡೆಯುವ ಪ್ಯಾಚ್ ಎರಡು ತಿಂಗಳು ಮೊದಲೇ ಬಂದಿತ್ತು, ಬಹಳ ಜನ ಹಾಕಿರಲಿಲ್ಲ. ಈಗ ಹಾಕಬೇಕೆಂದರೂ ಹೊಸ ಪ್ಯಾಚ್ ಬರುವುದಿಲ್ಲ.

ಹಾಗಾದರೆ ಎಲ್ಲ ಇಳಿಸುವಿಕೆಯೂ ಕೆಟ್ಟದ್ದಾ? ಇಲ್ಲ. 11ರಿಂದ 10ಕ್ಕೆ ಇಳಿಯುವುದು ಬೇರೆಯೇ ವಿಷಯ. ಎರಡರ ಒಳಗಿನ ಕಟ್ಟಡ ಹೆಚ್ಚುಕಡಿಮೆ ಒಂದೇ. ಯುಇಎಫ್‌ಐ, ಸೆಕ್ಯೂರ್ ಬೂಟ್, ಎನ್‌ವಿಎಂಇ, ಎಲ್ಲವೂ 10ಕ್ಕೆ ಗೊತ್ತು. ಕಂಪನಿ ನಿಮ್ಮ ಮಾಡೆಲ್‌ಗೆ ವಿಂಡೋಸ್ 10ರ ಡ್ರೈವರ್ ಬಿಟ್ಟಿದೆಯೋ ಇಲ್ಲವೋ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಲ್ಯಾಪ್‌ಟಾಪಿನ ಬೆನ್ನಿನ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಕಂಪನಿಯ ವೆಬ್‌ಸೈಟಿನ ಸಪೋರ್ಟ್ ಪುಟದಲ್ಲಿ ಅದನ್ನು ಹಾಕಿ ನೋಡಿ. ಆಪರೇಟಿಂಗ್ ಸಿಸ್ಟಂ ಆರಿಸುವ ಕಡೆ ವಿಂಡೋಸ್ 10 ಇದ್ದರೆ ಅರ್ಧ ಕೆಲಸ ಆದಂತೆ. ಬರೀ 11 ಇದ್ದರೆ ಕೈ ಹಾಕಬೇಡಿ. ಖರೀದಿಸುವ ಮೊದಲೇ ಇದನ್ನು ನೋಡುವವನು ಜಾಣ. ನಮ್ಮಲ್ಲಿ ಖರೀದಿಸಿ ಬಂದ ಮೇಲೆ ನೋಡುವವರೇ ಜಾಸ್ತಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಬರೀ ಸ್ಟಾರ್ಟ್ ಮೆನು ನಡುವಿಗೆ ಬಂತು ಅಂತ 10ಕ್ಕೆ ಇಳಿಯುವುದಾದರೆ ಅದು ಸುಮ್ನೆ ತ್ರಾಸು. ಅದನ್ನು ಎಡಕ್ಕೆ ಸರಿಸುವ ಆಯ್ಕೆ 11ರ ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲೇ ಇದೆ. ಇನ್ನು ಇಂಟೆಲ್ ಹನ್ನೆರಡನೇ ತಲೆಮಾರಿನಿಂದ ಹಲವು ಪ್ರೊಸೆಸರುಗಳಲ್ಲಿ ಜೋರಾಗಿ ಓಡುವ ಕೋರ್ ಬೇರೆ, ಕಡಿಮೆ ಕರೆಂಟ್ ತಿನ್ನುವ ಕೋರ್ ಬೇರೆ. ಯಾವ ಕೆಲಸ ಯಾರಿಗೆ ಕೊಡಬೇಕು ಅನ್ನುವುದು 11ಕ್ಕೆ ಚೆನ್ನಾಗಿ ಗೊತ್ತು, 10ಕ್ಕೆ ಅಷ್ಟು ಗೊತ್ತಿಲ್ಲ. ಅಂಥ ಲ್ಯಾಪ್‌ಟಾಪಿಗೆ 11ನ್ನು ಬಿಡುವುದೇ ಮೇಲು ಅಂತ ನನ್ನ ಲೆಕ್ಕ.

ಇಳಿಸಲೇಬೇಕು ಅಂದರೆ ನಾಲ್ಕು ಕಡೆ ಕಾಲು ಜಾರುತ್ತದೆ. ಮೊದಲನೆಯದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ ಆಗಿರಬಹುದು. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ ಸಾಕು, 48 ಅಂಕಿಯ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ತೆಗೆದು ಕಾಗದದ ಮೇಲೆ ಬರೆದಿಡಿ. ಫೋಟೊ, ಫೈಲ್ ಎಲ್ಲ ಹೊರಗಿನ ಡಿಸ್ಕ್‌ಗೆ ಹಾಕಿಕೊಳ್ಳಿ. ಮತ್ತೆ 11ಕ್ಕೆ ಮರಳಲು 32 ಜಿಬಿಯ ಪೆನ್‌ಡ್ರೈವಿನಲ್ಲಿ ರಿಕವರಿ ಡ್ರೈವ್ ಮಾಡಿಡಿ.

ಎರಡನೆಯದು, ಸೆಟಪ್ ಡಿಸ್ಕನ್ನೇ ತೋರಿಸದಿರುವುದು. ಇಂಟೆಲ್ ಹನ್ನೊಂದನೇ ತಲೆಮಾರಿನಿಂದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ವಿಎಂಡಿ ಅನ್ನುವ ಪರದೆಯ ಹಿಂದೆ ಕೂತಿರುತ್ತದೆ. ಎಸ್‌ಎಸ್‌ಡಿ ಹೋಯಿತು ಅಂತ ಗಾಬರಿಯಾಗಿ ರಿಪೇರಿಗೆ ಓಡಿದವರನ್ನು ನೋಡಿದ್ದೇನೆ. ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು 'ಲೋಡ್ ಡ್ರೈವರ್' ಒತ್ತಿ ತೋರಿಸಿದರೆ ಡಿಸ್ಕ್ ಪ್ರತ್ಯಕ್ಷ.

ಮೂರನೆಯದು ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವಂಥದ್ದು. ವಿಂಡೋಸ್ 10 ಕೂತಿತು, ವೈಫೈ ಇಲ್ಲ. ವೈಫೈ ಡ್ರೈವರ್ ಇಳಿಸಿಕೊಳ್ಳಲು ವೈಫೈ ಬೇಕು. ಆ್ಯಂಡ್ರಾಯ್ಡ್ ಫೋನನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿ. ನೆಟ್ ಬರುತ್ತದೆ.

ನಾಲ್ಕನೆಯದು ಲೈಸೆನ್ಸ್. ವಿಂಡೋಸ್ 8ರಿಂದ ಕೀಲಿ ಸ್ಟಿಕ್ಕರ್ ಮೇಲೆ ಇರುವುದಿಲ್ಲ, ಮದರ್‌ಬೋರ್ಡಿನ ಚಿಪ್‌ನಲ್ಲಿ ಇರುತ್ತದೆ. ಲ್ಯಾಪ್‌ಟಾಪಿನ ಜೊತೆ ವಿಂಡೋಸಿನ ಪ್ರೊ ಆವೃತ್ತಿ ಬಂದಿದ್ದರೆ ಹಿಂದಿನ ಪ್ರೊ ಆವೃತ್ತಿಗೆ ಇಳಿಯುವ ಹಕ್ಕು ಒಪ್ಪಂದದಲ್ಲೇ ಇದೆ. ಹೋಮ್ ಆವೃತ್ತಿಗೆ ಆ ಹಕ್ಕು ಇಲ್ಲ. ಹತ್ತು ದಿನದೊಳಗೆ ವಾಪಸ್ ಹೋಗಬಹುದು ಅಂತ ಕೇಳಿರುತ್ತೀರಿ. ಅದು 10 ಇದ್ದ ಲ್ಯಾಪ್‌ಟಾಪನ್ನು 11ಕ್ಕೆ ಏರಿಸಿಕೊಂಡವರಿಗೆ. 11ರ ಜೊತೆಗೇ ಬಂದ ಲ್ಯಾಪ್‌ಟಾಪಿನಲ್ಲಿ ವಾಪಸ್ ಹೋಗಲು ಹಿಂದೆ ಏನೂ ಇಲ್ಲ.

ಇಷ್ಟು ಹೇಳಿದ ಮೇಲೆ ಕಾಕಾಗೆ ನಾನೊಂದು ಪ್ರಶ್ನೆ ಕೇಳಿದೆ. ಮೊದಲೇ ಕೇಳಬೇಕಿತ್ತು.

"ಕಾಕಾ, ನಿಮಗ ಸೆವೆನ್ ಬೇಕೋ, ಅದ್ರಾಗಿನ ಪ್ರೋಗ್ರಾಂ ಬೇಕೋ?"

"ಸೆವೆನ್ ತಗೊಂಡು ಏನ್ ಮಾಡ್ಲಿ? ಪೇಜ್‌ಮೇಕರ್ ಬೇಕು, ನನ್ನ ಫಾಂಟ್ ಬೇಕು."

ಪೇಜ್‌ಮೇಕರ್ ಅಂದರೆ ಪುಟ ಜೋಡಿಸುವ ಪ್ರೋಗ್ರಾಂ, ಅದರ 7.0 ಬಂದದ್ದು 2001ರಲ್ಲಿ. ಅಡೋಬಿ ಅದರ ನಂತರ ಇನ್‌ಡಿಸೈನ್ ಹಿಡಿದುಕೊಂಡಿತು. ಆದರೆ ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಪೇಜ್‌ಮೇಕರ್ ಇನ್ನೂ ಉಸಿರಾಡುತ್ತಿದೆ. ಅದಕ್ಕೆ ಕಾರಣ ಕನ್ನಡ ಫಾಂಟು. ಕನ್ನಡದ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿ ಪೇಜ್‌ಮೇಕರ್‌ಗೆ ಗೊತ್ತಿಲ್ಲ. ಡಿಟಿಪಿಯವರ ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಮಾಡಿದವು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ತಲೆ ಮೇಲೆ ಟೋಪಿ, ಕೊಂಬು ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಅದರಲ್ಲೂ ಒಂದೊಂದು ಕಂಪನಿಯ ಜೋಡಣೆ ಒಂದೊಂದು ಥರ. ಒಬ್ಬರ ಫಾಂಟಿನಲ್ಲಿ ಬರೆದದ್ದಕ್ಕೆ ನುಡಿ ಫಾಂಟ್ ಹಚ್ಚಿದರೆ ಮದುಮಗಳ ಹೆಸರೇ ಬೇರೆಯಾಗುತ್ತದೆ. ಕಾಕಾ ದುಡ್ಡು ಕೊಟ್ಟು ತಂದ ಫಾಂಟ್ ಪ್ಯಾಕೇಜಿಗೆ ಡಾಂಗಲ್ ಅಂತ ಬೀಗದ ಕೈಯಂಥ ಒಂದು ಸಣ್ಣ ಸಾಧನ ಬೇರೆ. ಅದನ್ನು ಕಂಪ್ಯೂಟರಿನ ಹಿಂದೆ ಹಚ್ಚದಿದ್ದರೆ ಏನೂ ತೆರೆಯುವುದಿಲ್ಲ.

ಇಲ್ಲಿ ಇನ್ನೊಂದು ಗುಟ್ಟಿದೆ. ಕಾಕಾನ ಹಳೆ ಕಂಪ್ಯೂಟರಿನ ವಿಂಡೋಸ್ 7 ಇದ್ದದ್ದು 32 ಬಿಟ್, ಅಂದರೆ ಈಗಿನ 64 ಬಿಟ್‌ಗಿಂತ ಹಳೆಯ ಅಳತೆಯದು. ಡಾಂಗಲ್‌ನ ಡ್ರೈವರ್ ಕೂಡ 32 ಬಿಟ್. 64 ಬಿಟ್ ವಿಂಡೋಸ್ ಒಳಗೆ 32 ಬಿಟ್ ಪ್ರೋಗ್ರಾಂ ಓಡುತ್ತದೆ, ಆದರೆ 32 ಬಿಟ್ ಡ್ರೈವರ್ ಓಡುವುದಿಲ್ಲ. 16 ಬಿಟ್‌ನವು ಏನೂ ಓಡುವುದಿಲ್ಲ. ಹಳೆ ಕಾಲದ ಕೆಲವು ಪ್ರೋಗ್ರಾಂಗಳು ತಾವು 32 ಬಿಟ್ ಆಗಿದ್ದರೂ ಅವುಗಳ ಸೆಟಪ್ ಮಾತ್ರ 16 ಬಿಟ್ ಇರುತ್ತಿತ್ತು. ಹಾಗಾಗಿ ಹೊಸ ಲ್ಯಾಪ್‌ಟಾಪಿಗೆ ಏನೇನೋ ಮಾಡಿ 64 ಬಿಟ್‌ನ ವಿಂಡೋಸ್ 7 ಕೂರಿಸಿದ್ದರೂ ಕಾಕಾನ ಕೆಲಸ ಆಗುತ್ತಿರಲಿಲ್ಲ. 32 ಬಿಟ್‌ನದು ಹಾಕೋಣ ಅಂದರೆ ಈಗಿನ 64 ಬಿಟ್ ಯುಇಎಫ್‌ಐ ಅದನ್ನು ಎಬ್ಬಿಸುವುದೇ ಇಲ್ಲ. ವಿಂಡೋಸ್ 11ರಲ್ಲಂತೂ 32 ಬಿಟ್ ಆವೃತ್ತಿಯೇ ಇಲ್ಲ.

ಇಂಥದ್ದಕ್ಕೆ ದಾರಿ ವರ್ಚುವಲ್ ಮಷೀನ್. ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ ಕಂಪ್ಯಾಟಿಬಿಲಿಟಿ ಮೋಡ್ ಹಚ್ಚಿ ನೋಡುವುದು ಮೊದಲ ಹೆಜ್ಜೆ. ಬಹಳ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ. ಆಗದಿದ್ದರೆ ಲ್ಯಾಪ್‌ಟಾಪಿನ ಒಳಗೆ ಇನ್ನೊಂದು ಕಂಪ್ಯೂಟರ್ ಇದೆ ಅಂತ ನಾಟಕ ಮಾಡಿಸುವುದು. ವರ್ಚುವಲ್‌ಬಾಕ್ಸ್ ಅನ್ನುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಅದು ವಿಂಡೋಸ್ 7ರ ಮುಂದೆ 1990ರ ದಶಕದ ಒಂದು ಇಂಟೆಲ್ ಚಿಪ್‌ಸೆಟ್, ಹಳೆ ಕಾಲದ ಡಿಸ್ಕ್, ಹಳೆ ನೆಟ್‌ವರ್ಕ್ ಕಾರ್ಡ್ ಇಟ್ಟು ತೋರಿಸುತ್ತದೆ. ಯಾವುದೂ ನಿಜವಲ್ಲ, ಎಲ್ಲ ಸಾಫ್ಟ್‌ವೇರಿನ ವೇಷ. ವಿಂಡೋಸ್ 7 ತನ್ನ ಪರಿಚಯದವರನ್ನೇ ನೋಡಿ ಖುಷಿಯಿಂದ ಕೂರುತ್ತದೆ. ನಿಜವಾದ ಎಸ್‌ಎಸ್‌ಡಿ, ವೈಫೈ ಜೊತೆ ಏಗುವ ಕೆಲಸ ಹೊರಗಿನ ವಿಂಡೋಸ್ 11ರದು. ಮೈಕ್ರೋಸಾಫ್ಟ್ ಕೂಡ ಹಿಂದೆ ಇದನ್ನೇ ಮಾಡಿತ್ತು. ವಿಂಡೋಸ್ 7 ಪ್ರೊಫೆಷನಲ್ ತೆಗೆದುಕೊಂಡವರಿಗೆ ಎಕ್ಸ್‌ಪಿ ಮೋಡ್ ಅಂತ ಒಳಗೊಂದು ಹಳೆಯ ವಿಂಡೋಸ್ ಎಕ್ಸ್‌ಪಿ ಕೊಟ್ಟಿತ್ತು.

ಕಾಕಾನ ಹತ್ತಿರ ವಿಂಡೋಸ್ 7ರ ಡಬ್ಬಿ, ಕೀ, ಬಿಲ್ಲು ಎಲ್ಲ ಇತ್ತು. ಬಿಲ್ಲು ಜೋಪಾನ ಮಾಡುವ ತಲೆಮಾರು. ಬಯೋಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇದೆಯಾ ನೋಡಿಕೊಂಡು, 2 ಜಿಬಿ ರ್‍ಯಾಮ್, 30 ಜಿಬಿ ಡಿಸ್ಕ್ ಕೊಟ್ಟು, 32 ಬಿಟ್ ವಿಂಡೋಸ್ 7 ಹಾಕಿದೆ. ಅರ್ಧ ತಾಸಿನಲ್ಲಿ ಕೂತಿತು. ಆ ಒಳಗಿನ ಕಂಪ್ಯೂಟರಿಗೆ ನೆಟ್ ಕೊಡಲಿಲ್ಲ. ಹೊರಗೆ ಒಂದು ಫೋಲ್ಡರ್ ಹಂಚಿಕೊಂಡೆ. ಒಳಗೆ ಪಿಡಿಎಫ್ ಮಾಡಿ ಅದರಲ್ಲಿ ಇಟ್ಟರೆ ಹೊರಗಿನಿಂದ ವಾಟ್ಸಾಪ್‌ನಲ್ಲಿ ಗಿರಾಕಿಗೆ ಹೋಗುತ್ತದೆ.

ಪೇಜ್‌ಮೇಕರ್ ತೆರೆಯಿತು. ನುಡಿ ಫಾಂಟಿನಲ್ಲಿ ಮಾಡಿದ ಕಾರ್ಡುಗಳೆಲ್ಲ ಸರಿಯಾಗಿ ಕಂಡವು. ನುಡಿ ಪುಕ್ಕಟೆ, ಅದಕ್ಕೆ ಡಾಂಗಲ್ ಬೇಕಿಲ್ಲ. ದುಡ್ಡಿನ ಫಾಂಟಿನವು ಮಾತ್ರ ಟೋಪಿ ಕೊಂಬು. ಡಾಂಗಲ್ ಯುಎಸ್‌ಬಿಯದಾಗಿದ್ದರೆ ಅದನ್ನು ಒಳಗಿನ ವಿಂಡೋಸಿಗೆ ದಾಟಿಸಬಹುದಿತ್ತು. ಕಾಕಾನದು ಇಪ್ಪತ್ತು ವರ್ಷದ ಹಿಂದಿನದು, ಪ್ರಿಂಟರ್ ಪೋರ್ಟಿಗೆ ಹಚ್ಚುವ ಅಗಲವಾದದ್ದು. ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಇಲ್ಲ. ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಹೋಗುವ ವೈರ್ ಪೇಟೆಯಲ್ಲಿ ಸಿಗುತ್ತದೆ. ಅದು ಪ್ರಿಂಟರಿಗೆ ಸರಿ, ಡಾಂಗಲ್ಲಿಗೆ ಸಾಮಾನ್ಯವಾಗಿ ಆಗುವುದಿಲ್ಲ. ನಾನು ತಂದು ನೋಡಿದೆ, ಆಗಲಿಲ್ಲ.

ಕೊನೆಗೆ ಸತ್ತಿದೆ ಅಂದುಕೊಂಡ ಹಳೆ ಕಂಪ್ಯೂಟರನ್ನು ಬಿಚ್ಚಿದೆ. ಹೋಗಿದ್ದದ್ದು ಒಳಗೆ ಕರೆಂಟ್ ಪೂರೈಸುವ ಡಬ್ಬಿ, ಎಸ್‌ಎಂಪಿಎಸ್ ಮಾತ್ರ. ಬೇರೆಯದು ಹಾಕಿದ ಕೂಡಲೇ ಎದ್ದಿತು. ಅದರ ನೆಟ್‌ವರ್ಕ್ ವೈರ್ ಕಿತ್ತು ಪ್ರೆಸ್ಸಿನ ಮೂಲೆಯಲ್ಲಿ ಇಟ್ಟಿದ್ದೇವೆ, ಬೆನ್ನಿಗೆ ಡಾಂಗಲ್ ಸಮೇತ. ಹಳೆ ಗಿರಾಕಿ ಅಣ್ಣನ ಮದುವೆಯ ಕಾರ್ಡಿನ ಹಾಗೇ ತಮ್ಮನದೂ ಬೇಕು ಅಂತ ಬಂದರೆ ಮಾತ್ರ ಅದನ್ನು ಎಬ್ಬಿಸುತ್ತಾರೆ. ಹೊಸ ಕಾರ್ಡುಗಳೆಲ್ಲ ಲ್ಯಾಪ್‌ಟಾಪಿನಲ್ಲಿ, ಒಳಗಿನ ಸೆವೆನ್‌ನಲ್ಲಿ ನುಡಿ ಹಚ್ಚಿ. ಬಿಡುವು ಸಿಕ್ಕಾಗ ಕಾಕಾನ ಮಗ ಹಳೆ ಮ್ಯಾಟರುಗಳನ್ನು ಒಂದೊಂದಾಗಿ ಯುನಿಕೋಡಿಗೆ ತಿರುಗಿಸುತ್ತಿದ್ದಾನೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಕೂತು ತಿದ್ದಬೇಕು. ಮೊನ್ನೆ ಹೋದಾಗ 2008ರ ಫೋಲ್ಡರಿಗೆ ಬಂದಿದ್ದ.